ಛಾಯಾಚಿತ್ರದಲ್ಲಿ ಔಚಿತ್ಯ

ಕವಿಗೆ ತೋಚಿದ ಶಬ್ದವೆಲ್ಲವೂ ಕಾವ್ಯವಾಗದು. ಕಣ್ಣಿಗೆ ಕಂಡುದೆಲ್ಲವೂ ಚಿತ್ರವಾಗದು. ಯಾವುದನ್ನು ಗ್ರಹಿಸಬೇಕು, ಯಾವುದನ್ನು ತ್ಯಜಿಸಬೇಕು ಎಂಬ ವಿವೇಕವೇ ಎರಡಕ್ಕೂ ಮೂಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವಿತವೆಂದು ಸಾರಿದ ಔಚಿತ್ಯವು ಛಾಯಾಚಿತ್ರಕ್ಕೂ ಜೀವಿತವೇ ಸರಿ. ಇಂದು ಕೈಕೈಯಲ್ಲಿ ಮೊಬೈಲು ಕ್ಯಾಮರಾ ಇರುವುದರಿಂದ ಚಿತ್ರಗಳಿಗೆ ಬರವಿಲ್ಲ, ಬರವಿರುವುದು ಔಚಿತ್ಯಕ್ಕೆ.

ಚಿತ್ರಸಂಯೋಜನೆಯ ನಿಯಮಗಳು ಕಠಿನವಲ್ಲ. ಚೌಕಟ್ಟನ್ನು ಅಡ್ಡಲಾಗಿಯೂ ನೀಳವಾಗಿಯೂ ಮೂರು ಮೂರು ಸಮಭಾಗ ಮಾಡಿ, ಗೆರೆಗಳು ಸಂಧಿಸುವ ನಾಲ್ಕು ಬಿಂದುಗಳಲ್ಲೊಂದರ ಬಳಿ ಮುಖ್ಯ ವಸ್ತುವನ್ನಿರಿಸುವುದು ತ್ರಿಭಾಗ ನಿಯಮ. ಡಾಗೇರನ ಛಾಯಾಗ್ರಹಣ ವಿಧಾನವು ಲೋಕಕ್ಕೆ ಪ್ರಕಟವಾದ 1839ಕ್ಕೂ ಮೊದಲೇ, 1797ರಲ್ಲಿ, ಆಂಗ್ಲ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ ನಿಸರ್ಗಚಿತ್ರಗಳ ಪ್ರಮಾಣವನ್ನು ಕುರಿತು ಈ ಹೆಸರನ್ನು ಬಳಸಿದನು. ಮೊಬೈಲಿನ ಪರದೆಯ ಮೇಲೆ ಈ ಗೆರೆಗಳನ್ನು ಮೂಡಿಸಿಕೊಳ್ಳಲು ಈಗ ಅವಕಾಶವುಂಟು. ದಿಗಂತರೇಖೆ ಓರೆಯಾಗದಿರಲಿ. ವ್ಯಕ್ತಿಯ ದೃಷ್ಟಿ ಹರಿದ ಕಡೆಗೆ ತುಸು ಹೆಚ್ಚು ಅವಕಾಶವಿರಲಿ. ಧ್ವಜಸ್ತಂಭವು ಯಾರದೋ ನೆತ್ತಿಯಿಂದ ಮೊಳೆತಂತೆ ತೋರದಿರಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು. ಮಗುವಿನ ಚಿತ್ರ ತೆಗೆಯುವವನು ಮಗುವಿನ ಕಣ್ಣಿನ ಮಟ್ಟಕ್ಕೆ ಬಾಗಬೇಕು. ಮೇಲಿನಿಂದ ನೋಡಿದರೆ ಮಗು ಕುಬ್ಜವಾಗಿ ತೋರುವುದು. 1923ರಲ್ಲಿ ಮೈಸೂರಿನಲ್ಲಿ ಜನಿಸಿ, 1977ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದಲೇ ಕೀರ್ತಿವಂತರಾದರೆಂಬುದು ಸ್ಮರಣೀಯ.

ಶಾಲಾ ಸಮಾರಂಭದ ಚಿತ್ರವು ದಾಖಲೆಯಷ್ಟೆ, ಅದಕ್ಕೆ ಕಲೆಯ ಗೊಡವೆಯೇಕೆ ಎನ್ನುವವರುಂಟು. ದಾಖಲೆಯೆಂದಾದರೆ ಹೊಣೆ ಮತ್ತಷ್ಟು ಹಿರಿದು. ಹಿಂದಿನ ಸಾಲಿನ ಬಾಲಕನ ಮುಖವು ಮುಂದಿನವನ ತಲೆಯ ಮರೆಗೆ ಸಂದರೆ ಅವನ ಪಾಲಿಗೆ ಆ ದಾಖಲೆಯೇ ಇಲ್ಲ. ಹಿಂದಿನವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಇಬ್ಬರ ನಡುವಣ ತೆರಪಿನಲ್ಲಿ ಒಬ್ಬರ ಮುಖ ಕಾಣುವಂತೆ ಹೊಂದಿಸಲು ಐದು ನಿಮಿಷ ಸಾಕು. ನಡುಹಗಲ ಬಿಸಿಲು ಕಣ್ಣುಗಳನ್ನು ನೆರಳಿನ ಕುಳಿಗಳಾಗಿಸುವುದರಿಂದ ಬೆಳಗು, ಸಂಜೆಗಳು ಅಥವಾ ಕಟ್ಟಡದ ನೆರಳು ಪ್ರಶಸ್ತ.

ಹಾರ, ಶಾಲುಗಳ ಚಿತ್ರಗಳು ಸಂಚಿಕೆಗಳಲ್ಲಿ ಹೇರಳ. ಸನ್ಮಾನವು ಉಚಿತವೇ, ಆದರೆ ದಾನಿಯ ಔದಾರ್ಯವು ಶಾಲಿನಲ್ಲಿ ಕಾಣುವುದಕ್ಕಿಂತ, ಆ ದಾನದಿಂದಾದ ಗ್ರಂಥಾಲಯದ ಕಿಟಕಿಯ ಬೆಳಕಿನಲ್ಲಿ ಓದುತ್ತಿರುವ ಬಾಲಕಿಯಲ್ಲಿ ಹೆಚ್ಚು ಕಾಣುವುದು. ಹೇಳದೆ ಹೊಳೆಯಿಸುವುದನ್ನೇ ಆಲಂಕಾರಿಕರು ಧ್ವನಿಯೆಂದರು. ಪ್ರಸಾದ ನಿಲಯದ ಒಲೆಯ ಮುಂದೆ ಬೆವರುವವರಿಗೂ ಚೌಕಟ್ಟಿನಲ್ಲಿ ಸ್ಥಾನವಿರಬೇಕು.

ದಾಸೋಹದ ಪಂಕ್ತಿಯಲ್ಲಿ ಮೊದಲ ಎಲೆ, ಕೊನೆಯ ಎಲೆಯೆಂಬ ಭೇದವಿಲ್ಲ. ಚಿತ್ರದ ಸಾಲಿಗೂ ಅದೇ ನೀತಿ ಸಲ್ಲಬೇಕು. ಕುಳಿತವರ ಹೆಸರುಗಳನ್ನಷ್ಟೇ ಅಚ್ಚು ಮಾಡದೆ, ನಿಂತವರ ಹೆಸರುಗಳನ್ನೂ ಎಡದಿಂದ ಬಲಕ್ಕೆ ತಪ್ಪದೆ ಬರೆದಿಡುವುದು ಶಾಲೆಗಳ ಕರ್ತವ್ಯ. ಐವತ್ತು ವರ್ಷಗಳ ತರುವಾಯ ಸಂಚಿಕೆಯನ್ನು ತೆರೆಯುವ ಮೊಮ್ಮಗಳು ಮೊದಲು ಹುಡುಕುವುದು ವೇದಿಕೆಯನ್ನಲ್ಲ, ತನ್ನ ಅಜ್ಜನ ಮುಖವನ್ನು.