ಬೆನ್ನು ನೆಲಕ್ಕೆ ತಾಗಿದ ಮೇಲೆ

ಮಕ್ಕಳೇ, ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. 52ರ ವಯಸ್ಸಿನಲ್ಲಿ ನಾನು ಸೇರಿದ ಬ್ರೆಜಿಲಿಯನ್ ಜಿಯು-ಜಿಟ್ಸು ತರಗತಿಯಲ್ಲಿ ಬೆನ್ನು ತಾಗಿದ ಮೇಲೂ ಆಟ ನಡೆಯುತ್ತದೆ!

ಜಪಾನಿನ ಜೂಡೊ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅವರ ವಿದ್ಯೆ ಗ್ರೇಸಿ ಮನೆತನದ ಅಣ್ಣತಮ್ಮಂದಿರ ಕೈಸೇರಿ, ನೆಲದ ಮೇಲಿನ ಹಿಡಿತಗಳೇ ಮುಖ್ಯವಾದ ಈ ಕಲೆಯಾಗಿ ಬೆಳೆಯಿತು.

ಮೊದಲ ಪಾಠ ಸಿಗಡಿ ನಡೆ. ಅಂಗಾತ ಮಲಗಿ, ಪಾದ ಊರಿ, ಸೊಂಟವನ್ನು ಹಿಂದಕ್ಕೆ ಸರಿಸುತ್ತ ಮೈಯನ್ನು ಸಿಗಡಿಯಂತೆ ಬಾಗಿಸಬೇಕು. ಮೇಲೆ ಕೂತವನನ್ನು ತಳ್ಳಿದರೆ ಜಗ್ಗುವುದಿಲ್ಲ. ನಾವೇ ತುಸು ಸರಿದರೆ ನಡುವೆ ಮೊಣಕಾಲು ತೂರಿಸಲು ಜಾಗ ಸಿಗುತ್ತದೆ.

ಎರಡನೆಯದು ತಟ್ಟುವ ಪಾಠ. ಹಿಡಿತ ಬಿಗಿಯಾದಾಗ ಎದುರಾಳಿಯ ಮೈಮೇಲೆ ಎರಡು-ಮೂರು ಸಲ ತಟ್ಟಿದರೆ ಅವನು ತಕ್ಷಣ ಬಿಡಬೇಕು. ನನಗೆ ಕಷ್ಟವಾಗಿದ್ದು ಅದೇ. ಮಗನ ವಯಸ್ಸಿನ ಹುಡುಗ ತೋಳು ಹಿಡಿದಾಗ, ಇವನಿಗೆ ಸೋಲುವುದೇ ಎಂದು ಹಲ್ಲು ಕಚ್ಚಿದೆ. ಮೊಣಕೈ ಉಳುಕಿತು. ಮೂರು ವಾರ ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ತಿಂದೆ. ಆ ಹುಡುಗನೋ ನನಗಿಂತ ಹೆಚ್ಚು ನೊಂದುಕೊಂಡ. “ಅಂಕಲ್, ತಟ್ಟಿದ್ದರೆ ಬಿಡುತ್ತಿದ್ದೆನಲ್ಲಾ!”

ನಿಜ. ನನ್ನನ್ನು ಕಾಪಾಡುವ ಅವಕಾಶವನ್ನೇ ನಾನು ಅವನಿಗೆ ಕೊಟ್ಟಿರಲಿಲ್ಲ.

ಈಗ ಒಂದೇ ತರಗತಿಯಲ್ಲಿ ಆರೇಳು ಸಲ ತಟ್ಟುತ್ತೇನೆ. ನಕ್ಕು, ಕೈಕುಲುಕಿ, ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ.

ಮಕ್ಕಳೇ, ಆಟದಲ್ಲಿ ಯಾರಾದರೂ ‘ಸಾಕು’ ಅಂದರೆ ಆ ಕ್ಷಣವೇ ಬಿಡಿ. ಅಜ್ಜ-ಅಜ್ಜಿಯರೇ, ಮಂಡಿ ನೋಯುತ್ತಿದ್ದರೂ ಮೊಮ್ಮಕ್ಕಳ ಮುಂದೆ ಹಲ್ಲು ಕಚ್ಚಬೇಡಿ. ನೀವೂ ಒಮ್ಮೆ ತಟ್ಟಿ!