ಮೆಷಿನ್ ಸರಿ, ಓಡಿಸೋರು ಯಾರು?

ರಿಂಗ್ ರೋಡಿನ ಹೋರ್ಡಿಂಗುಗಳನ್ನು ನೋಡಿ. ಆಸ್ಪತ್ರೆಗಳು ಹೊಗಳಿಕೊಳ್ಳೋದು ಮೆಷಿನ್ನನ್ನು. ಅತ್ಯಾಧುನಿಕ ಕ್ಯಾಥ್ ಲ್ಯಾಬ್, ಹೊಸ ಸ್ಕ್ಯಾನರ್, ದೊಡ್ಡ ಪರದೆ. ಆ ಪರದೆ ನೋಡ್ಕೊಂಡು ನಮ್ಮ ರಕ್ತನಾಳದೊಳಗೆ ತಂತಿ ತೂರಿಸುವ ಕೈ ಎಷ್ಟು ಪಳಗಿದೆ ಅನ್ನೋದು ಯಾವ ಬೋರ್ಡಿನ ಮೇಲೂ ಇರಲ್ಲ. ನಾವೂ ಕೇಳಲ್ಲ.

ಆಂಜಿಯೋಪ್ಲಾಸ್ಟಿಯನ್ನೇ ತಗೊಳ್ಳಿ. ಡಾಕ್ಟರ ಕೈ ನಿಮ್ಮ ಮಣಿಕಟ್ಟಿನ ಹತ್ತಿರ, ಕಣ್ಣು ಎಕ್ಸ್‌ರೇ ಪರದೆ ಮೇಲೆ. ಅಲ್ಲಿ ಕಾಣೋದು ಮಿಡಿಯುವ ಹೃದಯದ ಚಪ್ಪಟೆ ನೆರಳು. ಒಂದು ಕೋನದಲ್ಲಿ ಚಿಕ್ಕದಾಗಿ ಕಂಡ ಬ್ಲಾಕ್ ಇನ್ನೊಂದು ಕೋನದಲ್ಲಿ ದೊಡ್ಡದು. ತಂತಿ ಸ್ವಲ್ಪ ಹೆಚ್ಚು ತಳ್ಳಿದರೆ ನಾಳ ತೂತಾಗಬಹುದು. ಕಾಂಟ್ರಾಸ್ಟ್ ಹೆಚ್ಚಾದರೆ ಕಿಡ್ನಿಗೆ ಪೆಟ್ಟು, ಎಕ್ಸ್‌ರೇ ತುಂಬ ಹೊತ್ತು ಒಂದೇ ಕಡೆ ಬಿದ್ದರೆ ಚರ್ಮಕ್ಕೆ ಸುಟ್ಟಗಾಯ. ತೊಡೆಯ ನಾಳದಿಂದ ಸಾವಿರ ಕೇಸ್ ಮಾಡಿದವರೂ ಮಣಿಕಟ್ಟಿನಿಂದ ಶುರು ಮಾಡುವಾಗ ಮತ್ತೆ ಕಲಿಯಬೇಕು. ಡಿಗ್ರಿ ಬಾಗಿಲು ತೆರೆಯುತ್ತೆ ಅಷ್ಟೇ. ಕೈ ಪಳಗೋದು ಮಾಡಿ ಮಾಡಿಯೇ.

ಸರ್ಕಾರ ಸುಮ್ಮನೆ ಕೂತಿಲ್ಲ. 2017ರ ಫೆಬ್ರವರಿಯಲ್ಲಿ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂಪಾಯಿ. ಕ್ಯಾಥ್ ಲ್ಯಾಬಿನ ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಒಳ್ಳೇದೇ. ಸ್ಟೆಂಟಿಗೆ ಲೆಕ್ಕವಿದೆ, ಮೆಷಿನ್ನಿಗೆ ಲೆಕ್ಕವಿದೆ. ಈ ಡಾಕ್ಟರು ಎಷ್ಟು ಮಾಡಿದ್ದಾರೆ, ಎಷ್ಟರಲ್ಲಿ ತೊಂದರೆಯಾಯ್ತು ಅನ್ನೋ ಲೆಕ್ಕ ಮಾತ್ರ ರೋಗಿ ಕೈಗೆ ಸಿಗಲ್ಲ.

"ಅದನ್ನೆಲ್ಲ ಬಹಿರಂಗ ಮಾಡಿದ್ರೆ ಯಾರೂ ಕಷ್ಟದ ಕೇಸ್ ಮುಟ್ಟಲ್ಲ" ಅಂತಾರೆ. ಆ ಭಯ ಸುಳ್ಳಲ್ಲ. ನ್ಯೂಯಾರ್ಕ್ ರಾಜ್ಯ ಆಂಜಿಯೋಪ್ಲಾಸ್ಟಿ ಮಾಡುವ ವೈದ್ಯರ ಫಲಿತಾಂಶವನ್ನು ಹೆಸರು ಹಿಡಿದು ಪ್ರಕಟಿಸುತ್ತೆ. ಅಲ್ಲೂ ಇದೇ ತಕರಾರು ಎದ್ದಿದೆ. ಅದಕ್ಕೇ ರೋಗಿ ಎಷ್ಟು ಸೀರಿಯಸ್ ಇದ್ದ ಅನ್ನೋದನ್ನೂ ಅವರು ಲೆಕ್ಕಕ್ಕೆ ಹಿಡೀತಾರೆ. ತಕರಾರಿದೆ ಅಂತ ಪುಸ್ತಕವನ್ನೇ ಮುಚ್ಚಿಡೋಕಾಗುತ್ತಾ?

"ಹಾಗಾದ್ರೆ ಹೊಸಬರು ಕಲಿಯೋದು ಹೇಗೆ?" ಮೊದಲು ಸಿಮ್ಯುಲೇಟರಿನಲ್ಲಿ, ಆಮೇಲೆ ಸೀನಿಯರ್ ಪಕ್ಕದಲ್ಲಿ ನಿಂತಿದ್ದಾಗ. ಮೊನ್ನೆ ಸೇರಿದ ಹುಡುಗನಿಗೆ ನಾವು ಪ್ರೊಡಕ್ಷನ್ ಸರ್ವರ್ ಬಿಟ್ಟುಕೊಡ್ತೀವಾ? ಸರ್ವರ್ ಆದ್ರೆ ಬಿದ್ದರೂ ರೀಸ್ಟಾರ್ಟ್ ಮಾಡಬಹುದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿ. "ಡಾಕ್ಟ್ರೇ, ಇದನ್ನ ಮಾಡೋದು ನೀವೇನಾ? ಹೋದ ವರ್ಷ ಇಂಥದ್ದು ಎಷ್ಟು ಮಾಡಿದ್ದೀರಿ? ಎಡವಟ್ಟಾದರೆ ನಿಭಾಯಿಸೋಕೆ ಇಲ್ಲಿ ಯಾರಿದ್ದಾರೆ?" ಒಳ್ಳೆ ಡಾಕ್ಟರು ಬೇಜಾರು ಮಾಡ್ಕೊಳ್ಳಲ್ಲ.

ನಡುರಾತ್ರಿ ಎದೆ ಹಿಡಿದುಕೊಂಡು ಬಂದವರಿಗೆ ಇಷ್ಟೆಲ್ಲ ಕೇಳುವ ಪುರಸೊತ್ತಿರಲ್ಲ. ಅವರಿಗಾಗಿಯೇ ಈ ಉತ್ತರಗಳು ಆಸ್ಪತ್ರೆಯ ಗೋಡೆ ಮೇಲೆ, ರೇಟ್ ಬೋರ್ಡಿನ ಪಕ್ಕದಲ್ಲೇ, ಮೊದಲೇ ಬರೆದಿರಬೇಕು.