ರಕ್ತದಲ್ಲಿ ಬಂದದ್ದು

ಪಾಠ ತಲೆಗೆ ಹತ್ತದ ಬಾಲಕನನ್ನು ಕಂಡೊಡನೆ 'ಇವನಪ್ಪನೂ ಹೀಗೆಯೇ, ರಕ್ತದಲ್ಲಿ ಬಂದದ್ದು' ಎಂದು ತೀರ್ಪಿತ್ತು ಸುಮ್ಮನಾಗುವುದು ಮಲೆನಾಡಿನ ಆನಂದಪುರದ ಜಗಲಿಗಳಲ್ಲಿಯೂ ರಾಜಧಾನಿಯ ಸೌಧಗಳಲ್ಲಿಯೂ ಸಮಾನವಾಗಿ ರೂಢವಾಗಿದೆ. ಆ ರಕ್ತದಲ್ಲಿ ಪಿತ್ರಾರ್ಜಿತ ಗುಣಗಳೊಡನೆ ಕಲಿಕೆಯನ್ನು ಕುಂಠಿತಗೊಳಿಸುವ ಸೀಸವೂ ಇರಬಹುದೆಂಬ ಶಂಕೆ ಮಾತ್ರ ಯಾರಿಗೂ ಹುಟ್ಟದು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶರು ದೀರ್ಘಕಾಲ ಎಚ್ಚರಿಸಿದ್ದು ಇದನ್ನೇ. 1999ರಲ್ಲಿ ಪ್ರಕಟವಾದ ಮಹಾನಗರಗಳ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಮಿಕ್ಕವರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂಗಿಂತ ಅಧಿಕ ಸೀಸ ಕಂಡುಬಂದಿತು. 2000ದಲ್ಲಿ ಪೆಟ್ರೋಲಿನಿಂದ ಸೀಸ ತೊಲಗಿತು. ಬಣ್ಣ, ಹಳೆಯ ಬ್ಯಾಟರಿ, ಕಲಬೆರಕೆಯ ಕಲಾಯಿಗಳಿಂದ ತೊಲಗಲಿಲ್ಲ.

ಮಲೆನಾಡಿನ ಅಡುಗೆಮನೆಗೆ ಕಲಾಯಿಯೇ ಹತ್ತಿರದ ಸಂಗತಿ. ಕಾದ ಹಿತ್ತಾಳೆಯ ಮೇಲೆ ನವಸಾಗರದ ಹೊಗೆಯೇಳುತ್ತಿರಲು ತಿಕ್ಕುವ ತವರದ ಕಡ್ಡಿ ಶುದ್ಧವಾದುದಾದರೆ ಬಗ್ಗಿಸಿದಾಗ ಕಿರ್ರೆನ್ನುತ್ತದೆ. ಅಗ್ಗದಾಸೆಗೆ ಸೀಸ ಬೆರೆಸಿದ ಕಲಾಯಿಯಾದರೆ, ವಾಟೆಹುಳಿಯ ಸಾರು ಕುದಿಯುವಾಗ ಲೋಹವೂ ಅದರೊಳಗಿಳಿಯುತ್ತದೆ. ಹಿರಿಯರ ಕರುಳಿಗಿಂತ ಶಿಶುವಿನ ಕರುಳು ಸೀಸವನ್ನು ಹಲವು ಪಟ್ಟು ಹೀರುವುದು. ಕಬ್ಬಿಣಾಂಶದ ಕೊರತೆಯುಳ್ಳ ಮಗುವಾದರೆ ಇನ್ನೂ ಹೆಚ್ಚು.

ವಂಶವಾಹಿಗಳ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲ. ರಕ್ತಕಣಗಳಲ್ಲಿ ಸೀಸ ಎಷ್ಟು ಬಿಗಿಯಾಗಿ ಅಂಟಿಕೊಳ್ಳುವುದೆಂಬುದನ್ನು ಅಲಾಡ್ ಎಂಬ ವಂಶವಾಹಿಯ ಭೇದಗಳು ಕೊಂಚಮಟ್ಟಿಗೆ ನಿರ್ಣಯಿಸುತ್ತವೆ. ಆದರೆ ಸೀಸದಿಂದ ಸಂಪೂರ್ಣ ರಕ್ಷಣೆ ನೀಡುವ ವಂಶ ಯಾವುದೂ ಇಲ್ಲ, ನಿರಪಾಯವೆನ್ನಬಹುದಾದ ಪ್ರಮಾಣವೂ ಇಲ್ಲ. ವಂಶವನ್ನು ಬದಲಿಸಲಾಗದು, ಪಾತ್ರೆಯನ್ನು ಬದಲಿಸಬಹುದು. ಅಂಗನವಾಡಿಯಲ್ಲಿ ಮಗುವಿನ ತೂಕ ಬರೆದುಕೊಳ್ಳುವ ಸರ್ಕಾರ, ಶಂಕೆಯಿದ್ದಲ್ಲಿ ಒಂದು ಹನಿ ರಕ್ತವನ್ನೂ ಪರೀಕ್ಷಿಸುವ ಏರ್ಪಾಡನ್ನು ತಾಲ್ಲೂಕು ಮಟ್ಟದಲ್ಲಿ ಮಾಡತಕ್ಕದ್ದು.